ಸೆಸ್ಸಿಯ ಬಾವಿಗಿಳಿದ ಮಹಾಯಂತ್ರ

1,920 ಟನ್! ಅಷ್ಟು ತೂಕದ ಒಂದೇ ಒಂದು ತುಂಡು. ಅದನ್ನು ಉಕ್ಕಿನ ಹಗ್ಗಗಳಿಗೆ ತೂಗುಹಾಕಿ ಸುಮಾರು 100 ಮೀಟರ್ ಆಳಕ್ಕೆ ಇಳಿಸಬೇಕು. ಕಾಂಕ್ರೀಟ್ ಗೋಡೆಗೂ ಅದಕ್ಕೂ ನಡುವೆ ಉಳಿದದ್ದು 20 ಸೆಂಟಿಮೀಟರ್, ಅಂದರೆ ಒಂದು ಗೇಣು ಜಾಗ. ಸೇದುವ ಬಾವಿಗೆ ಬಿಟ್ಟ ಕೊಡ ಕಲ್ಲಿಗೆ ಒಂದೆರಡು ಸಲವಾದರೂ ತಗುಲದೆ ಕೆಳಗೆ ಹೋದದ್ದುಂಟೇ? ಇಲ್ಲಿ ಒಂದು ಸಲವೂ ತಗುಲುವಂತಿರಲಿಲ್ಲ. 2007ರ ಫೆಬ್ರುವರಿ 28ರಂದು, ಜಿನೀವಾ ಬಳಿ ಫ್ರಾನ್ಸ್ ನೆಲದಲ್ಲಿರುವ ಸೆಸ್ಸಿ ಎಂಬ ಊರಿನಲ್ಲಿ, ಹತ್ತು ಗಂಟೆ ಹೊತ್ತು ಉಸಿರು ಬಿಗಿಹಿಡಿದು ಆ ಕೆಲಸ ಮಾಡಿ ಮುಗಿಸಿದರು. ನಾವು ಇಲ್ಲಿ ರಾಮನ್ ಅವರನ್ನು ನೆನೆದು ವಿಜ್ಞಾನ ದಿನ ಆಚರಿಸುತ್ತಿದ್ದ ಅದೇ ದಿನ!

ಇಳಿದದ್ದು ಕಣಭೌತ ಸಂಶೋಧನೆಯ ಸರ್ನ್ ಸಂಸ್ಥೆಯ ಸಿಎಂಎಸ್ ಶೋಧಕದ ನಡುಭಾಗ. ಪ್ರೋಟಾನುಗಳ ಡಿಕ್ಕಿಯಿಂದ ಸಿಡಿಯುವ ಕಣಗಳನ್ನು ಗುರುತಿಸುವ ಯಂತ್ರ ಅದು. 2012ರಲ್ಲಿ ಹಿಗ್ಸ್ ಕಣ ಸಿಕ್ಕಿತೆಂದು ಸಾರಿದ ಎರಡು ಪ್ರಯೋಗಗಳಲ್ಲಿ ಇದೂ ಒಂದು. ಆ ಕಣದ ಬಗ್ಗೆ ಎಷ್ಟೋ ಓದಿದ್ದೇವೆ. ಆದರೆ ಅದನ್ನು ಹಿಡಿದ ಬಲೆಯನ್ನು ಕಟ್ಟಿದ ಕಥೆ ಇದೆಯಲ್ಲ, ನನ್ನ ಮಟ್ಟಿಗೆ ಅದು ಹಿಗ್ಸ್‌ಗಿಂತ ಕಡಿಮೆ ಬೆರಗಿನದಲ್ಲ.

ಮೊದಲು ನೆಲವನ್ನೇ ನೋಡಿ. ಅಗೆಯಲು ಹೋದರೆ ನಾಲ್ಕನೇ ಶತಮಾನದ ರೋಮನ್ ಕಾಲದ ತೋಟದ ಮನೆಯ ಅಡಿಪಾಯ ಸಿಕ್ಕಿತು, ಲಂಡನ್ನಿನಲ್ಲೂ ಲಿಯೋನಿನಲ್ಲೂ ಟಂಕಿಸಿದ ನಾಣ್ಯಗಳ ಸಮೇತ! ಪುರಾತತ್ವದವರ ಕೆಲಸ ಮುಗಿದು ಇನ್ನೂ ಆಳಕ್ಕೆ ಹೋದರೆ ನೀರು. ಗರಸು ಮಣ್ಣಿನಲ್ಲಿ ಹರಿಯುತ್ತಿದ್ದ ಅಂತರ್ಜಲ ಗುಂಡಿಗೆ ನುಗ್ಗದಂತೆ ತಡೆಯಲು ಎಂಜಿನಿಯರುಗಳು ಸುತ್ತಲೂ ಕೊಳವೆ ಇಳಿಸಿ, ಕೊರೆಯುವಷ್ಟು ತಣ್ಣಗಾಗಿಸಿದ ಉಪ್ಪುನೀರು ಹರಿಸಿ, ನೆಲವನ್ನೇ ಹೆಪ್ಪುಗಟ್ಟಿಸಿದರು. ಮಂಜುಗಡ್ಡೆಯ ಗೋಡೆ ಕಟ್ಟಿಕೊಂಡು ಅದರೊಳಗೆ ಅಗೆದರು!

ಗುಹೆ ಸಿದ್ಧವಾಗುವವರೆಗೆ ಕೈಕಟ್ಟಿ ಕೂರುವ ಹಾಗಿರಲಿಲ್ಲ. ಸಿಎಂಎಸ್ ಕಟ್ಟಿದವರು ಅದನ್ನು ಮೊದಲೇ ಹೋಳುಹೋಳಾಗಿ ರೂಪಿಸಿದ್ದರು. 14,000 ಟನ್ ತೂಕದ, 21 ಮೀಟರ್ ಉದ್ದ, 15 ಮೀಟರ್ ಎತ್ತರದ ಇಡೀ ಯಂತ್ರ ನೆಲದ ಮೇಲಿನ ದೊಡ್ಡ ಕೊಟ್ಟಿಗೆಯಲ್ಲೇ ಎದ್ದು ನಿಂತಿತು. ಆಮೇಲೆ 15 ದೊಡ್ಡ ತುಂಡುಗಳಾಗಿ ಕೆಳಗಿಳಿಯಿತು. ಕೊನೆಯದು ತಳ ಮುಟ್ಟಿದ್ದು 2008ರ ಜನವರಿಯಲ್ಲಿ. ಅಷ್ಟು ಭಾರದ, ಚಕ್ರದಾಕಾರದ ಈ ತುಂಡುಗಳನ್ನು ಅಡಿಯಿಂದ ಗಾಳಿಯ ಒತ್ತಡ ಕೊಟ್ಟು ತುಸು ಎತ್ತಿ ಸರಿಸುತ್ತಾರಂತೆ. ಯೋಚಿಸಿದಷ್ಟೂ ಮೈ ಜುಮ್ಮೆನ್ನುತ್ತದೆ.

ಇಳಿಸುವ ಮುಂಚೆ ಅದು ಕೆಲಸ ಮಾಡುತ್ತದೆಂದು ಹೇಗೆ ನಂಬುವುದು? 2006ರಲ್ಲಿ, ಮೇಲೆಯೇ, ಅದರ ಹೃದಯದಂತಿರುವ ಅತಿವಾಹಕ ಕಾಂತವನ್ನು ಮೈನಸ್ 268 ಡಿಗ್ರಿಗೆ ತಣಿಸಿ 4 ಟೆಸ್ಲಾದವರೆಗೆ ಏರಿಸಿದರು. ಅದು ಭೂಮಿಯ ಕಾಂತಬಲದ ಸುಮಾರು ಒಂದು ಲಕ್ಷ ಪಟ್ಟು. ಪ್ರೋಟಾನು ಡಿಕ್ಕಿ ಇನ್ನೂ ದೂರದ ಮಾತು. ಆದರೆ ಪರೀಕ್ಷೆಗೆ ಬೇಕಾದ ಕಣಗಳು ಆಕಾಶದಿಂದಲೇ ಬಿಟ್ಟಿಯಾಗಿ ಸುರಿಯುತ್ತಿದ್ದವು. ವಿಶ್ವಕಿರಣಗಳಿಂದ ಹುಟ್ಟಿದ ಮ್ಯೂಆನ್‌ಗಳು ಚಾವಣಿ ತೂರಿ, ಯಂತ್ರದೊಳಗೆ ಬಾಗಿದ ಗೆರೆ ಎಳೆದು ಹೋದವು. ಶೋಧಕ ಕಣ್ಣು ಬಿಟ್ಟಿತ್ತು!

ಇನ್ನು ಅದರ ಒಡಲಲ್ಲಿ ಏನೇನಿದೆ ಕೇಳಿ. ಸುಮಾರು 76,000 ಹರಳುಗಳು. ಸೀಸ ಮತ್ತು ಟಂಗ್‌ಸ್ಟನ್ ಬೆರೆತ ಇವು ತೂಕದಲ್ಲಿ ಲೋಹ, ನೋಟಕ್ಕೆ ತಿಳಿಗಾಜು. ರಷ್ಯಾ, ಚೀನಾಗಳಲ್ಲಿ ಒಂದೊಂದಾಗಿ ಬೆಳೆಸಿದ್ದು. ಶೋಧಕದ ಎರಡೂ ತುದಿಗಳಲ್ಲಿರುವ ಹಿತ್ತಾಳೆಯ ಮೂಲವಂತೂ ನಂಬಲಾಗದ್ದು: ಎರಡನೇ ಮಹಾಯುದ್ಧದ ಕಾಲದ, ರಷ್ಯಾ ನೌಕಾಪಡೆಯ ಹತ್ತು ಲಕ್ಷಕ್ಕೂ ಹೆಚ್ಚು ಫಿರಂಗಿ ಗುಂಡುಗಳ ಕವಚಗಳನ್ನು ಕರಗಿಸಿ ಎರಕ ಹೊಯ್ದದ್ದು!

ನಮ್ಮ ಬೆಂಗಳೂರೂ ಅಲ್ಲಿದೆ. ಅದೇ ತುದಿಗಳಲ್ಲಿ ಬೆಳಕಿನ ಕಣಗಳನ್ನು ಬಿಡಿಬಿಡಿಯಾಗಿ ಗುರುತಿಸುವ 'ಪ್ರಿಶವರ್' ಪದರಕ್ಕೆ ಬೇಕಾದ ಸಿಲಿಕಾನ್ ಫಲಕಗಳಲ್ಲಿ ಸುಮಾರು ಸಾವಿರ, ಭಾಭಾ ಅಣು ಸಂಶೋಧನಾ ಕೇಂದ್ರ (ಬಿಎಆರ್‌ಸಿ) ಮತ್ತು ದೆಹಲಿ ವಿಶ್ವವಿದ್ಯಾಲಯದವರ ವಿನ್ಯಾಸದಂತೆ, ಇಲ್ಲಿನ ಭಾರತ್ ಎಲೆಕ್ಟ್ರಾನಿಕ್ಸ್‌ನಲ್ಲಿ (ಬಿಇಎಲ್) ತಯಾರಾದವು. ಆರು ಸೆಂಟಿಮೀಟರಿಗಿಂತ ತುಸು ಅಗಲದ ಚೌಕ, ಅದರಲ್ಲಿ 32 ಪಟ್ಟಿ. ಬಿಇಎಲ್ ಬಸ್ಸು ಹತ್ತುವ ಎಷ್ಟು ಮಂದಿಗೆ ಇದು ಗೊತ್ತು? ಗೊತ್ತಾಗಲೇಬೇಕು ಎಂಬ ಹಟ ನನ್ನದು.

ಕಟ್ಟುವ ಕೆಲಸ ಮುಗಿದಿಲ್ಲ. ಡಿಕ್ಕಿಗಳ ಸಂಖ್ಯೆ ಹಲವು ಪಟ್ಟು ಹೆಚ್ಚಲಿರುವುದರಿಂದ ಎರಡೂ ತುದಿಗಳಲ್ಲಿ ಕಣಗಳ ಶಕ್ತಿ ಅಳೆಯುವ ಶಕ್ತಿಮಾಪಕಗಳನ್ನು ಪೂರ್ತಿ ತೆಗೆದು ಹೊಸದನ್ನು ಕೂರಿಸಲು ಸಿದ್ಧತೆ ನಡೆದಿದೆ. ಸುಮಾರು 600 ಚದರ ಮೀಟರ್ ಸಿಲಿಕಾನ್, 60 ಲಕ್ಷ ಸಂಕೇತ ವಾಹಿನಿಗಳು! ನೌಕಾಪಡೆಯ ಹಿತ್ತಾಳೆಯೂ ಬೆಂಗಳೂರಿನ ಸಿಲಿಕಾನೂ ತಮ್ಮ ಪಾಳಿ ಮುಗಿಸಿ ಜಾಗ ಬಿಟ್ಟುಕೊಡಲಿವೆ, ಕ್ರೇನಿನವರಿಗೆ ಮತ್ತೆ ಕೈತುಂಬ ಕೆಲಸ.