ಮಳೆ ಬೀಳದ ಮನೆಯಲ್ಲಿ ಟೊಮೆಟೊ

2023ರ ಜುಲೈನಲ್ಲಿ ಟೊಮೆಟೊ ಕಿಲೋಗೆ ನೂರು ರೂಪಾಯಿ ದಾಟಿತು. ಸಾರಿಗೆ ಹುಣಸೆಹಣ್ಣೇ ಸಾಕು ಎಂದುಕೊಂಡ ಮನೆಗಳೆಷ್ಟೋ. ‘ನಾವೂ ಒಂದು ಪಾಲಿಹೌಸ್ ಹಾಕಿದ್ದರೆ’ ಎಂಬ ಲೆಕ್ಕಾಚಾರ ಹುಟ್ಟುವುದೂ ಇಂಥ ದಿನಗಳಲ್ಲೇ.

ಶಿವಮೊಗ್ಗದ ಪಕ್ಕದಲ್ಲಿ ತುಂಗೆ, ಭದ್ರಾವತಿಯ ನಡುವೆ ಭದ್ರೆ. ಗಾಜನೂರು, ಲಕ್ಕವಳ್ಳಿ ಅಣೆಕಟ್ಟೆಗಳ ನಾಲೆ ನೀರು ಗದ್ದೆ, ತೋಟಗಳನ್ನು ಸಾಕುತ್ತದೆ. ಆದರೂ ಟೊಮೆಟೊ ಎಂದರೆ ಬಾಯಿಗೆ ಬರುವುದು ಕೋಲಾರದ ಹೆಸರು. ಶಿವಮೊಗ್ಗದ ಕಡೆ ಟೊಮೆಟೊಗೆ ನೀರಿನ ಕೊರತೆಯಿಲ್ಲ, ಬೇಡದ ಹೊತ್ತಿಗೆ ಬೇಡದ ಕಡೆಯಿಂದ ಬರುವ ನೀರಿನದೇ ಕಾಟ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎಲೆ ಒದ್ದೆಯಾಗಿದ್ದಷ್ಟೂ ಅಂಗಮಾರಿಗೆ ಹಬ್ಬ. ಕೆಲವೇ ದಿನಗಳಲ್ಲಿ ಇಡೀ ಸಾಲು ಸುಟ್ಟಂತೆ ಕಪ್ಪಾಗುತ್ತದೆ.

ಈ ಕಾಟಕ್ಕೆ ಮದ್ದು ಪಾಲಿಹೌಸ್, ಅಂದರೆ ಪ್ಲಾಸ್ಟಿಕ್ ಹೊದಿಸಿದ ಗಿಡಮನೆ. ಹಾಲೆಂಡಿನ ಗಾಜಿನ ಮನೆ ಕಟ್ಟಿದ್ದು ಬಿಸಿಯನ್ನು ಒಳಗೆ ಹಿಡಿದಿಡಲು. ಮಲೆನಾಡಿನ ಸೆರಗಿನಲ್ಲಿ ಅದೇ ಮನೆಯ ಕೆಲಸ ತಿರುವುಮುರುವು: ಮಳೆಯನ್ನು ಹೊರಗಿಡಬೇಕು, ಬಿಸಿಯನ್ನು ಹೊರಗಟ್ಟಬೇಕು. ಇನ್ನೂರು ಮೈಕ್ರಾನ್ ದಪ್ಪದ ಪ್ಲಾಸ್ಟಿಕ್ ಹಾಳೆ ಗಿಡಕ್ಕೆ ಹಿಡಿದ ಕೊಡೆ, ಅಷ್ಟೆ. ನೀರು, ಗೊಬ್ಬರ ಹನಿ ಕೊಳವೆಯಲ್ಲಿ ಬೇರಿಗೆ ಹೋದರೆ ಎಲೆ ಒದ್ದೆಯಾಗುವುದಿಲ್ಲ.

ಏಪ್ರಿಲ್‌ನಲ್ಲಿ ಕಥೆಯೇ ಬೇರೆ. ಹಗಲಿನ ಉಷ್ಣಾಂಶ 35 ಡಿಗ್ರಿ ದಾಟಿ, ರಾತ್ರಿಯೂ ತಂಪಾಗದಿದ್ದರೆ ಪರಾಗ ಸೊರಗಿ ಹೂ ಉದುರುತ್ತದೆ. ಹಾಳೆಯೊಳಗೆ ಸೆಕೆ ಇನ್ನೂ ಜಾಸ್ತಿ. ಹಾಗಾಗಿ ಮಾಡು ಎತ್ತರವಿರಬೇಕು, ನೆತ್ತಿಯಲ್ಲಿ ಬಿಸಿಗಾಳಿ ಹೋಗಲು ಕಿಂಡಿ ಬೇಕು. ಎಲೆ ಮುದುಡು ರೋಗ ಹರಡುವ ಬಿಳಿನೊಣವನ್ನು ತಡೆಯಲು ಪಕ್ಕಕ್ಕೆ ನಲವತ್ತು ಮೆಶ್‌ನ ಬಲೆ ಕಟ್ಟುತ್ತಾರೆ. ಬಲೆಯ ಕಣ್ಣು ಸಣ್ಣದಾದಷ್ಟೂ ನೊಣದ ಜೊತೆಗೆ ಗಾಳಿಯೂ ಹೊರಗೇ ಉಳಿಯುತ್ತದೆ. ಇದಕ್ಕೆ ಪೂರ್ತಿ ಪರಿಹಾರವಿಲ್ಲ. ಅಷ್ಟೋ ಇಷ್ಟೋ ಹೊಂದಿಸಿಕೊಳ್ಳಬೇಕು.

ಬಲೆ ತಡೆಯುವ ಇನ್ನೊಬ್ಬ ಅತಿಥಿ ದುಂಬಿ. ಟೊಮೆಟೊ ಹೂವು ತನ್ನಷ್ಟಕ್ಕೆ ತಾನೇ ಕಾಯಿ ಕಟ್ಟಬಲ್ಲದು, ಆದರೆ ಅದನ್ನು ಯಾರಾದರೂ ಅಲುಗಿಸಬೇಕು. ಬಯಲಿನಲ್ಲಿ ಗಾಳಿ, ಹೂವಿಗೆ ಜೋತು ಝೇಂಕರಿಸುವ ಕಾಡುದುಂಬಿ ಈ ಕೆಲಸ ಮಾಡುತ್ತವೆ. ಯುರೋಪಿನವರು 1980ರ ದಶಕದ ಕೊನೆಯಿಂದ ಇದಕ್ಕೆಂದೇ ಸಾಕಿದ ದುಂಬಿಗಳ ಪೆಟ್ಟಿಗೆಯನ್ನು ಒಳಗಿಡುತ್ತಾರೆ. ನಮ್ಮಲ್ಲಿ ಬೆಳಗ್ಗೆ ಬಿಸಿಲೇರಿದ ಮೇಲೆ ಗಿಡ ಕಟ್ಟಿದ ತಂತಿಯನ್ನು ಕೋಲಿನಿಂದ ತಟ್ಟುತ್ತಾ ಹೋದರೂ ನಡೆಯುತ್ತದೆ. ಕಂಕುಳಿನ ಚಿಗುರು ಚಿವುಟುವುದು, ಕಾಂಡಕ್ಕೆ ದಾರ ಸುತ್ತಿ ಮೇಲಕ್ಕೆ ಹಬ್ಬಿಸುವುದು ಇದರ ಜೊತೆಗಿನ ನಿತ್ಯದ ಕೆಲಸ. ಕೂಲಿಯಾಳು ಸಿಗದ ಊರಲ್ಲಿ ನಿಜವಾದ ಖರ್ಚು ಇಲ್ಲಿದೆ.

ಮಾಡು ಕಾಯಲಾಗದ್ದು ಮಣ್ಣನ್ನು. ಮಲೆನಾಡಿನ ಹುಳಿಮಣ್ಣಿನಲ್ಲಿ ಸೊರಗು ರೋಗದ ಬ್ಯಾಕ್ಟೀರಿಯಾ ವರ್ಷಗಟ್ಟಲೆ ಬದುಕುತ್ತದೆ. ನಿನ್ನೆ ನಳನಳಿಸಿದ ಗಿಡ ಇವತ್ತು ಹಸಿರಾಗಿಯೇ ಜೋತುಬೀಳುತ್ತದೆ. ಮಾಡು ಹೊತ್ತ ಕೊಳವೆಗಳ ಚೌಕಟ್ಟನ್ನು ಎತ್ತಿ ಇನ್ನೊಂದು ಕಡೆ ಇಡುವುದೂ ಸುಲಭವಲ್ಲ. ಅದೇ ಜಾಗದಲ್ಲಿ ಟೊಮೆಟೊ ಮೇಲೆ ಟೊಮೆಟೊ ಬೆಳೆದರೆ ಬೇರುಗಂಟಿನ ಜಂತುಹುಳುವೂ ಸೇರಿಕೊಳ್ಳುತ್ತದೆ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ‘ಅರ್ಕಾ ರಕ್ಷಕ್’ ತಳಿ ಸೊರಗು, ಎಲೆ ಮುದುಡು, ಬೇಗ ಬರುವ ಅಂಗಮಾರಿ (ಅರ್ಲಿ ಬ್ಲೈಟ್) ಮೂರನ್ನೂ ತಾಳಿಕೊಳ್ಳುತ್ತದೆ. ಇನ್ನೊಂದು ದಾರಿ ಕಸಿ. ತೈವಾನಿನ ವಿಶ್ವ ತರಕಾರಿ ಕೇಂದ್ರ ಮಳೆಗಾಲದ ಟೊಮೆಟೊಗೆ ಬದನೆಯ ಬೇರನ್ನೇ ಶಿಫಾರಸು ಮಾಡಿದೆ. ಸೊರಗಿನ ಜೊತೆಗೆ ನೀರು ನಿಲ್ಲುವುದನ್ನೂ ಅದು ಸಹಿಸುತ್ತದೆ. ಬೇಲಿಬದಿಯಲ್ಲಿ ಯಾರೂ ನೆಡದೆ ಬೆಳೆಯುವ ಸುಂಡೆಯೂ ಇಂಥ ಬೇರುಗಿಡವಾಗಬಲ್ಲದು.

ರಾಷ್ಟ್ರೀಯ ತೋಟಗಾರಿಕೆ ಮಿಷನ್ ಪಾಲಿಹೌಸಿಗೆ ಅರ್ಧದಷ್ಟು ಸಹಾಯಧನ ಕೊಡುತ್ತಾ ಬಂದಿದೆ. ಉಳಿದರ್ಧ ರೈತನದು, ಮೂರ್ನಾಲ್ಕು ವರ್ಷಕ್ಕೆ ಹಾಳೆ ಬದಲಿಸುವ ಖರ್ಚೂ ಅವನದೇ. ಜುಲೈನಲ್ಲಿ ನೂರು ದಾಟಿದ ಬೆಲೆ ಅದೇ ವರ್ಷದ ಸೆಪ್ಟೆಂಬರ್ ಹೊತ್ತಿಗೆ ನೆಲಕಚ್ಚಿದ್ದನ್ನೂ ಇದೇ ಲೆಕ್ಕದಲ್ಲಿ ಬರೆದುಕೊಳ್ಳಬೇಕು. ಆದ್ದರಿಂದ ನಾಲ್ಕೂ ಕಡೆ ಮುಚ್ಚಿದ ಮನೆಗಿಂತ, ಮೇಲೆ ಹಾಳೆ ಹೊದ್ದು ಪಕ್ಕ ತೆರೆದಿಟ್ಟ ಸರಳ ಮಳೆ ಆಸರೆಯೇ ಈ ಭಾಗದ ಸಣ್ಣ ಹಿಡುವಳಿಗೆ ವಾಸಿ. ಬಿಳಿನೊಣಕ್ಕೆ ಅಲ್ಲಿ ತಡೆಯಿಲ್ಲ ನಿಜ, ತಾಳಿಕೊಳ್ಳುವ ತಳಿ ಹಾಕಬೇಕು.

ಜಾಗ ಆರಿಸುವಾಗ ಪಕ್ಕದವರ ಜಮೀನನ್ನೂ ನೋಡಬೇಕು. ಭದ್ರಾವತಿಯ ಸುತ್ತ ಗದ್ದೆಗಳೇ ಅಡಿಕೆ ತೋಟವಾಗುತ್ತಿವೆ. ಇಂದು ಮೊಣಕಾಲೆತ್ತರದ ಸಸಿ ಕೆಲವೇ ವರ್ಷಗಳಲ್ಲಿ ಮಾಡಿನ ಮೇಲೆ ನೆರಳು ಚೆಲ್ಲುತ್ತದೆ. ಮೊದಲೇ ಬಿಸಿಲು ಕಡಿಮೆಯಿರುವ ಮಳೆಗಾಲದಲ್ಲಿ ಹಾಳೆಗೆ ಪಾಚಿಯೂ ಕಟ್ಟಿದರೆ ಗಿಡ ಬರೀ ಎಲೆ ಬಿಟ್ಟುಕೊಂಡು ಉದ್ದವಾಗುತ್ತದೆ.