ಲೋಟದಲ್ಲಿ ಚಟಪಟಗುಟ್ಟುವ ಅಂಟಾರ್ಕ್ಟಿಕ

ಅಂಟಾರ್ಕ್ಟಿಕದ ಮಂಜುಗಡ್ಡೆಯ ಚೂರೊಂದನ್ನು ನೀರಿನ ಲೋಟಕ್ಕೆ ಹಾಕಿ ಕಿವಿಗೊಟ್ಟರೆ, ಒಗ್ಗರಣೆಗೆ ಬಿದ್ದ ಸಾಸಿವೆಯ ಹಾಗೆ ಚಟಪಟ ಸದ್ದು ಕೇಳುತ್ತದೆ. ಫ್ರಿಜ್ಜಿನ ಐಸು ಒಂದೆರಡು ಸಲ ಬಿರಿದು ಸುಮ್ಮನಾಗುತ್ತದೆ; ಇದು ಕರಗುವವರೆಗೂ ಸದ್ದು ಮಾಡುತ್ತಲೇ ಇರುತ್ತದೆ. ಅಂಟಾರ್ಕ್ಟಿಕದಲ್ಲಿ ಬಿದ್ದ ಹಿಮ ಬೇಸಿಗೆಯಲ್ಲೂ ಕರಗದೆ ಪದರದ ಮೇಲೆ ಪದರವಾಗಿ ಕೂರುತ್ತದೆ. ಮೇಲಿನ ಭಾರಕ್ಕೆ ಕೆಳಗಿನದು ಗಡ್ಡೆಗಟ್ಟುವಾಗ ಹಿಮದ ಕಣಗಳ ನಡುವಿನ ಗಾಳಿ ಗುಳ್ಳೆಗಳಾಗಿ ಒಳಗೇ ಸಿಕ್ಕಿಕೊಳ್ಳುತ್ತದೆ. ಸಾವಿರಾರು ವರ್ಷ ಒತ್ತಡದಲ್ಲಿದ್ದ ಆ ಗಾಳಿ ಸಿಡಿದು ಹೊರಬೀಳುವ ಸದ್ದು ಅದು.

ಜಪಾನಿನ ಹಲವು ಶಾಲೆಗಳ ಮಕ್ಕಳಿಗೆ ಈ ಸದ್ದಿನ ಪರಿಚಯವಿದೆ. ಅಲ್ಲಿನ ಹಿಮಭೇದಕ ಹಡಗು ‘ಶಿರಾಸೆ’ ಅಂಟಾರ್ಕ್ಟಿಕದಿಂದ ಮರಳುವಾಗ ಗಡ್ಡೆಗಳನ್ನು ಹೊತ್ತು ತರುತ್ತದೆ. ಅವುಗಳಲ್ಲಿ ಕೆಲವು ಶಾಲೆಗಳಿಗೂ ಸಲ್ಲುತ್ತವೆ.

ಇನ್ನಷ್ಟು ನೋಡಬೇಕೆಂದವರಿಗೆ ಟೋಕಿಯೊದ ಪಶ್ಚಿಮಕ್ಕಿರುವ ತಾಚಿಕಾವ ಇದೆ. ಜಪಾನಿನ ರಾಷ್ಟ್ರೀಯ ಧ್ರುವ ಸಂಶೋಧನಾ ಸಂಸ್ಥೆ 2009ರಲ್ಲಿ ಇಲ್ಲಿಗೆ ಬಂತು. ಮರುವರ್ಷ ಅದೇ ಆವರಣದಲ್ಲಿ ಧ್ರುವ ವಿಜ್ಞಾನದ ಪುಟ್ಟ ವಸ್ತುಸಂಗ್ರಹಾಲಯ ಬಾಗಿಲು ತೆರೆಯಿತು. ಪ್ರವೇಶ ಉಚಿತ. 1968–69ರಲ್ಲಿ ಅಂಟಾರ್ಕ್ಟಿಕದಲ್ಲಿರುವ ಜಪಾನಿನ ಶೋವಾ ನೆಲೆಯಿಂದ ದಕ್ಷಿಣ ಧ್ರುವಕ್ಕೆ ಹೋಗಿಬಂದ ಹಿಮವಾಹನವೇ ಇಲ್ಲಿ ನಿಂತಿದೆ, ಮಾದರಿಯಲ್ಲ, ಅಸಲಿ. ಮಲಗಿ ನೋಡುವ ಗುಮ್ಮಟದಲ್ಲಿ ಧ್ರುವಪ್ರಭೆಯ ಚಿತ್ರ ಓಡುತ್ತದೆ, ಅದು ಚೆಂದವೇ. ಆದರೆ ಹೆಚ್ಚು ಕಲಿಸುವುದು ಕಪ್ಪು ಕಲ್ಲುಗಳು.

1969ರಲ್ಲಿ ಅಂಟಾರ್ಕ್ಟಿಕದ ಯಮಾತೊ ಪರ್ವತಗಳ ಬಳಿ ಜಪಾನಿನ ತಂಡಕ್ಕೆ ಒಂಬತ್ತು ಉಲ್ಕಾಶಿಲೆಗಳು ಸಿಕ್ಕವು. ಪರೀಕ್ಷಿಸಿದರೆ ಅವು ಬೇರೆ ಬೇರೆ ಜಾತಿಯವು. ಒಂದೇ ಕಲ್ಲು ಒಡೆದು ಚೆಲ್ಲಿದ ಚೂರುಗಳಲ್ಲ ಎಂದಮೇಲೆ, ಒಂದೇ ಕಡೆ ಸೇರಿದ್ದು ಹೇಗೆ? ಉತ್ತರ ಮಂಜಿನ ಹರಿವಿನಲ್ಲಿತ್ತು. ಎಲ್ಲೆಲ್ಲೋ ಬಿದ್ದ ಕಲ್ಲುಗಳನ್ನು ಹಿಮಹೊದಿಕೆ ತನ್ನೊಳಗೆ ಹೂತುಕೊಂಡು ನಿಧಾನವಾಗಿ ಕಡಲಿನತ್ತ ಸರಿಯುತ್ತದೆ. ದಾರಿಗೆ ಬೆಟ್ಟ ಅಡ್ಡ ಬಂದರೆ ಮಂಜು ಮೇಲೇಳುತ್ತದೆ, ಒಣಗಾಳಿ ಅದನ್ನು ಸವೆಸಿ ಆವಿಯಾಗಿಸುತ್ತದೆ, ಕಲ್ಲುಗಳು ಉಳಿಯುತ್ತವೆ. ಆಮೇಲೆ ಬೇಕೆಂದೇ ಹುಡುಕಿದಾಗ ಸಾವಿರಗಟ್ಟಲೆ ಸಿಕ್ಕವು. ಪಠ್ಯಪುಸ್ತಕದಲ್ಲಿ ‘ಹಿಮನದಿ ಚಲಿಸುತ್ತದೆ’ ಎಂಬ ಒಂದು ಸಾಲಿನಲ್ಲಿ ಮುಗಿಯುವ ಮಾತಿಗೆ ಇಲ್ಲಿ ಕಣ್ಣೆದುರು ಸಾಕ್ಷಿ ಇದೆ.

ವಸ್ತುಸಂಗ್ರಹಾಲಯದ ಹೊರಗೆ ಹದಿನೈದು ನಾಯಿಗಳ ಪ್ರತಿಮೆಗಳಿವೆ. 1958ರ ಫೆಬ್ರವರಿಯಲ್ಲಿ ಹವಾಮಾನ ಕೆಟ್ಟು ಹೊಸ ತಂಡಕ್ಕೆ ಶೋವಾ ನೆಲೆಯನ್ನು ತಲುಪಲಾಗಲಿಲ್ಲ. ಅಲ್ಲಿದ್ದವರು ನೆಲೆ ಬಿಟ್ಟು ಮರಳಿದಾಗ ಜಾರುಬಂಡಿ ಎಳೆಯುತ್ತಿದ್ದ ಹದಿನೈದು ನಾಯಿಗಳು ಸರಪಳಿಯಲ್ಲೇ ಉಳಿದವು. ಮರುವರ್ಷ ಜನವರಿಯಲ್ಲಿ ಬಂದವರಿಗೆ ತಾರೊ, ಜಿರೊ ಎಂಬ ಎರಡು ನಾಯಿಗಳು ಜೀವಂತವಾಗಿ ಸಿಕ್ಕವು. ಜಪಾನಿನಲ್ಲಿ ಈ ಕಥೆ ಗೊತ್ತಿಲ್ಲದವರು ಕಡಿಮೆ. ಸಾಹಸಗಾಥೆಯಾಗಿ ಹೇಳಿ ಮುಗಿಸುವುದು ಸುಲಭ, ಆದರೆ ಸತ್ತ ನಾಯಿಗಳನ್ನು ಮರೆತು ಹೇಳಿದರೆ ಅದು ಅರ್ಧ ಪಾಠ. ಇಂದು ಅಂಟಾರ್ಕ್ಟಿಕದಲ್ಲಿ ಒಂದು ನಾಯಿಯೂ ಇಲ್ಲ. 1991ರ ಪರಿಸರ ಒಪ್ಪಂದದಂತೆ, ಸೀಲ್‌ಗಳಿಗೆ ರೋಗ ಹರಡೀತೆಂಬ ಅಂಜಿಕೆಯಿಂದ, 1994ರ ಹೊತ್ತಿಗೆ ಎಲ್ಲವನ್ನೂ ಹೊರಸಾಗಿಸಲಾಯಿತು.

ನಗೋಯ ಬಂದರಿನಲ್ಲಿ ‘ಫುಜಿ’ ಎಂಬ ಹಳೆಯ ಹಿಮಭೇದಕವಿದೆ. 1965ರಿಂದ 1983ರವರೆಗೆ ದುಡಿದ ಈ ಹಡಗೇ ಈಗ ಸಂಗ್ರಹಾಲಯ. ಶಾಲಾ ಮಕ್ಕಳು ಅಡುಗೆಮನೆ, ಮಲಗುವ ಕೋಣೆಗಳ ನಡುವೆ ನಡೆದಾಡುತ್ತ, ತಿಂಗಳುಗಟ್ಟಲೆ ಇಷ್ಟೇ ಜಾಗದಲ್ಲಿ ಬದುಕುವುದೆಂದರೇನು ಎಂದು ಅಂದಾಜು ಹಾಕಬಹುದು.

ಪ್ರವಾಸಕ್ಕೆ ಹೋಗಲಾರದವರಿಗೂ ಜಪಾನ್ ದಾರಿ ಮಾಡಿದೆ. 2009ರಿಂದ ಸಂಶೋಧನಾ ಯಾತ್ರೆಯ ಜೊತೆ ಶಾಲಾ ಶಿಕ್ಷಕರನ್ನೂ ಕಳಿಸಲಾಗುತ್ತಿದೆ. ಅವರು ಶೋವಾ ನೆಲೆಯಿಂದ ಉಪಗ್ರಹ ಸಂಪರ್ಕದ ಮೂಲಕ ತಮ್ಮ ಊರಿನ ತರಗತಿಗೆ ನೇರ ಪಾಠ ಮಾಡುತ್ತಾರೆ. ಕ್ಯಾಮೆರಾದ ಮುಂದೆ ನಿಂತಿರುವುದು ತಮ್ಮದೇ ಟೀಚರು ಎಂದಾಗ ಮಕ್ಕಳಿಗೆ ಪ್ರಶ್ನೆ ಕೇಳಲು ಸಂಕೋಚವಿರಲಿಕ್ಕಿಲ್ಲ.

ಕರ್ನಾಟಕದ ಮಕ್ಕಳಿಗೆ ಅಂಟಾರ್ಕ್ಟಿಕ ಅಷ್ಟೇನೂ ದೂರವಿಲ್ಲ. ಬೆಳಗಾವಿ, ಕಾರವಾರದ ಕಡೆಯ ಶಾಲೆಗಳ ಬಸ್ಸು ಗೋವಾಕ್ಕೆ ಹೋದರೆ ಚರ್ಚು, ಕಡಲತೀರ ನೋಡಿ ಮರಳುವುದೇ ವಾಡಿಕೆ. ಅದೇ ಗೋವಾದ ವಾಸ್ಕೋ ಪಟ್ಟಣದ ಹೆಡ್‌ಲ್ಯಾಂಡ್ ಸಡಾ ಗುಡ್ಡದ ಮೇಲೆ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರವಿದೆ. ಅಂಟಾರ್ಕ್ಟಿಕದಿಂದ ಕೊರೆದು ತಂದ ಮಂಜಿನ ಕಂಬಗಳನ್ನು ಅಲ್ಲಿ ಸೊನ್ನೆಗಿಂತ 20 ಡಿಗ್ರಿ ಕೆಳಗಿನ ಚಳಿಯಲ್ಲಿ ಕಾಪಿಡುತ್ತಾರೆ. ಅಂಟಾರ್ಕ್ಟಿಕದಲ್ಲಿರುವ ಭಾರತದ ಮೈತ್ರಿ, ಭಾರತಿ ನೆಲೆಗಳ ಯಾತ್ರೆಗಳೆಲ್ಲ ಸಜ್ಜಾಗುವುದು ಇಲ್ಲಿಂದಲೇ. 1981ರ ಡಿಸೆಂಬರ್‌ನಲ್ಲಿ ಎಸ್. ಝಡ್. ಖಾಸಿಂ ಅವರ ನೇತೃತ್ವದ 21 ಮಂದಿಯ ಮೊದಲ ಭಾರತೀಯ ತಂಡ ಹಡಗು ಹತ್ತಿದ್ದೂ ಗೋವಾದಲ್ಲೇ. ಈ ಕೇಂದ್ರ ಕೆಲಸ ನಡೆಯುವ ಪ್ರಯೋಗಾಲಯ, ಬಸ್ಸಿಳಿದು ನೇರ ಒಳಗೆ ನುಗ್ಗುವ ಜಾಗವಲ್ಲ. ಪ್ರವಾಸದ ಪಟ್ಟಿಗೆ ಸೇರಿಸಬೇಕೆನ್ನುವ ಮೇಷ್ಟ್ರು ಮೊದಲೇ ಪತ್ರ ಬರೆದು ಒಪ್ಪಿಗೆ ಕೇಳುವುದು ಒಳ್ಳೆಯದು.