ಮಿರರ್ ಡಿಸ್ಕ್ ಕೆಟ್ಟು ಗಣಕಯಂತ್ರ ಏಳದಿದ್ದಾಗ ಲೆಕ್ಕವನ್ನು ಉಳಿಸಿಕೊಳ್ಳುವ ಬಗೆ

ಜೋಗಿಮಟ್ಟಿಯ ಬೆಟ್ಟಸಾಲಿನಲ್ಲಿ ಗಾಳಿಯಂತ್ರಗಳು ತಿರುಗುತ್ತಿದ್ದರೂ ಸುತ್ತಲಿನ ಪೇಟೆಗಳಲ್ಲಿ ಗುಡುಗು ಮಳೆಯ ದಿನ ವಿದ್ಯುತ್ ಹೋಗಿ ಬರುವುದು ವರ್ತಕರಿಗೆ ಹೊಸದಲ್ಲ. ಹಾಗೆ ಹೋಗಿ ಬಂದ ಮರುದಿನ ಬೆಳಿಗ್ಗೆ ಅಂಗಡಿಯ ಗಣಕಯಂತ್ರವನ್ನು ಚಾಲೂ ಮಾಡಿದಾಗ, ಬೂಟ್ ಡಿವೈಸ್ ಸಿಗಲಿಲ್ಲವೆಂಬ ಒಂದು ಸಾಲು ಮಾತ್ರ ಕಪ್ಪು ಪರದೆಯ ಮೇಲೆ ಕಾಣಿಸಿಕೊಂಡಿತೆನ್ನಿ. ಎರಡು ಹಾರ್ಡ್ ಡಿಸ್ಕ್ ಹಾಕಿಸಿದ್ದರಿಂದ ಒಂದು ಹೋದರೂ ಇನ್ನೊಂದು ನಡೆಸುತ್ತದೆ ಎಂದು ನಂಬಿದ್ದ ಮಾಲೀಕರಿಗೆ ಇದು ಬಗೆಹರಿಯದ ಸಂಗತಿ. ಇಂತಹ ಬಹುತೇಕ ಸಂದರ್ಭಗಳಲ್ಲಿ ಲೆಕ್ಕಪತ್ರವು ಎರಡನೆಯ ಡಿಸ್ಕಿನಲ್ಲಿ ಸುರಕ್ಷಿತವಾಗಿಯೇ ಇರುತ್ತದೆ. ಅದು ನಾಶವಾಗುವುದು ಹೆಚ್ಚಾಗಿ ಅನಂತರದ ಒಂದೆರಡು ಗಂಟೆಗಳಲ್ಲಿ ಆತುರದಿಂದ ಮಾಡುವ ದುರಸ್ತಿಯಿಂದ.

ಇಲ್ಲಿ ಪಣಕ್ಕಿರುವುದು ಯಂತ್ರವಲ್ಲ. ಮಾರಾಟದ ಬಿಲ್ಲುಗಳ ವಿವರವನ್ನು ಜಿಎಸ್‌ಟಿ ಪೋರ್ಟಲ್‌ನಿಂದ ಸ್ವಲ್ಪಮಟ್ಟಿಗೆ ಮರಳಿ ಇಳಿಸಿಕೊಳ್ಳಬಹುದು. ಆದರೆ ಭೀಮಸಮುದ್ರದ ಅಡಿಕೆ ವರ್ತಕರು ಬೆಳೆಗಾರರಿಗೆ ಕೊಟ್ಟ ಮುಂಗಡ, ಹೊಸದುರ್ಗದ ಕೊಬ್ಬರಿ ವ್ಯಾಪಾರದ ಉದ್ರಿ ಬಾಕಿ, ಜಿನ್ನಿಂಗ್ ಘಟಕವೊಂದರ ದಾಸ್ತಾನು, ನಗದು ಕಿರ್ದಿ ಇವು ಯಾವ ಪೋರ್ಟಲ್‌ನಲ್ಲಿಯೂ ಇರುವುದಿಲ್ಲ. ಅದೇ ತಿಂಗಳ 11 ಮತ್ತು 20ನೆಯ ತಾರೀಖುಗಳ ರಿಟರ್ನ್ ಗಡುವುಗಳು ಮಾತ್ರ ಯಾರಿಗಾಗಿಯೂ ಕಾಯುವುದಿಲ್ಲ.

ಮಿರರ್ ಎಂದರೇನು

ಎರಡು ಡಿಸ್ಕುಗಳ ಮೇಲೆ ಒಂದೇ ಮಾಹಿತಿಯನ್ನು ಏಕಕಾಲಕ್ಕೆ ಬರೆಯುವ ವ್ಯವಸ್ಥೆಗೆ ಮಿರರ್ ಅಥವಾ ರೇಡ್-1 ಎಂದು ಹೆಸರು. 1988ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿಯಲ್ಲಿ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್ ಮತ್ತು ರ‍್ಯಾಂಡಿ ಕ್ಯಾಟ್ಜ್ ಪ್ರಕಟಿಸಿದ ಪ್ರಬಂಧದಲ್ಲಿ ಅಗ್ಗದ ಡಿಸ್ಕುಗಳನ್ನು ಒಟ್ಟುಗೂಡಿಸುವ ಹಲವು ಬಗೆಗಳಿಗೆ ಕ್ರಮಸಂಖ್ಯೆ ಕೊಡಲಾಯಿತು. ಮಿರರ್ ಅವುಗಳಲ್ಲಿ ಮೊದಲನೆಯದು. ವರ್ತಕರಿಗೆ ಪರಿಚಿತವಾದ ಹೋಲಿಕೆಯೆಂದರೆ ಕಾರ್ಬನ್ ಹಾಳೆಯಿಟ್ಟ ಬಿಲ್ ಪುಸ್ತಕ. ಮೇಲಿನ ಹಾಳೆ ಹರಿದರೆ ಕೆಳಗಿನದು ಇರುತ್ತದೆ. ಆದರೆ ಮೇಲೆ ತಪ್ಪು ಬರೆದರೆ ಕೆಳಗೂ ಅದೇ ತಪ್ಪು ಮೂಡುತ್ತದೆ. ಗುಮಾಸ್ತರು ಅಳಿಸಿದ ಕಡತ ಎರಡೂ ಡಿಸ್ಕುಗಳಿಂದ ಒಂದೇ ಕ್ಷಣದಲ್ಲಿ ಅಳಿಯುತ್ತದೆ. ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ವೈರಸ್ ಎರಡಕ್ಕೂ ಬೀಗ ಹಾಕುತ್ತದೆ.

ಎರಡನೆಯದು ಸರಿಯಿದ್ದರೂ ಯಂತ್ರ ಏಳದಿರುವುದೇಕೆ

ಮಿರರ್‌ನಲ್ಲಿ ಎರಡು ವಿಧಗಳುಂಟು. ಮದರ್‌ಬೋರ್ಡ್ ಅಥವಾ ಪ್ರತ್ಯೇಕ ರೇಡ್ ಕಾರ್ಡ್ ನಡೆಸುವುದು ಒಂದು. ವಿಂಡೋಸ್ ಅಥವಾ ಲಿನಕ್ಸ್ ತಾನೇ ನಡೆಸುವುದು ಇನ್ನೊಂದು. ತೊಂದರೆ ಹೆಚ್ಚಾಗಿ ಎರಡನೆಯ ವಿಧದಲ್ಲಿ. ಯಂತ್ರ ಎದ್ದೇಳುವಾಗ ಮೊದಲು ಓದುವ ಚಿಕ್ಕ ಬೂಟ್ ಭಾಗವು ಹಲವು ಅಳವಡಿಕೆಗಳಲ್ಲಿ ಮೊದಲ ಡಿಸ್ಕಿನಲ್ಲಿ ಮಾತ್ರ ಇರುತ್ತದೆ. ಕಡತಗಳೆಲ್ಲ ಎರಡೂ ಕಡೆ ಬರೆಯಲ್ಪಡುತ್ತಿದ್ದರೂ ಆ ಭಾಗ ಮಿರರ್‌ಗೆ ಒಳಪಟ್ಟಿರುವುದಿಲ್ಲ. ಮೊದಲ ಡಿಸ್ಕ್ ಕೆಟ್ಟ ದಿನ, ಉಗ್ರಾಣದಲ್ಲಿ ಸರಕು ತುಂಬಿದ್ದು ಬಾಗಿಲಿನ ಕೀಲಿಯೊಂದೇ ಕಳೆದುಹೋದಂತೆ ಆಗುತ್ತದೆ.

ಮದರ್‌ಬೋರ್ಡ್ ನಡೆಸುವ ಮಿರರ್‌ನಲ್ಲಿ ಕಾರಣ ಬೇರೆಯಿರಬಹುದು. ಬೋರ್ಡಿನ ಮೇಲಿರುವ ರೂಪಾಯಿ ನಾಣ್ಯದಷ್ಟು ಗಾತ್ರದ ಸಿಆರ್2032 ಬ್ಯಾಟರಿ ಕೆಲವು ವರ್ಷಗಳಲ್ಲಿ ಬರಿದಾಗುತ್ತದೆ. ಬ್ಯಾಟರಿ ಬರಿದಾದ ಯಂತ್ರದಲ್ಲಿ ರಾತ್ರಿಯಿಡೀ ವಿದ್ಯುತ್ ಇಲ್ಲದಿದ್ದರೆ ಬಯಾಸ್ ತನ್ನ ಹೊಂದಿಕೆಗಳನ್ನು ಮರೆತು, ಡಿಸ್ಕ್ ವಿಧಾನವನ್ನು ರೇಡ್‌ನಿಂದ ಎಎಚ್‌ಸಿಐಗೆ ಬದಲಿಸಿಕೊಳ್ಳುವುದುಂಟು. ಆಗ ಎರಡೂ ಡಿಸ್ಕುಗಳು ಸರಿಯಾಗಿದ್ದರೂ ವಿಂಡೋಸ್ ಏಳದೆ ನೀಲಿ ಪರದೆ ಬರಬಹುದು. ದಿನಾಂಕ ಮತ್ತು ಸಮಯ ಹಳೆಯ ವರ್ಷಕ್ಕೆ ಹೋಗಿದ್ದರೆ ಮೊದಲ ಸಂಶಯ ಈ ಬ್ಯಾಟರಿಯ ಮೇಲೆಯೇ ಇರಬೇಕು. ಹೊಸ ಬ್ಯಾಟರಿ ಹಾಕಿ, ವಿಧಾನವನ್ನು ಮತ್ತೆ ರೇಡ್‌ಗೆ ತಂದರೆ ಸಾಕಾಗಬಹುದು. ಹಾಗಾದಾಗ ಹೊಸ ಡಿಸ್ಕಿನ ಖರ್ಚೂ ಉಳಿಯುತ್ತದೆ.

ಮೊದಲ ಗಂಟೆ

ಮತ್ತೆ ಮತ್ತೆ ಚಾಲೂ ಮಾಡಿ ನೋಡುವುದನ್ನು ನಿಲ್ಲಿಸುವುದೇ ಮೊದಲ ಕೆಲಸ. ಏಳಲು ಯತ್ನಿಸುವಾಗ ವಿಂಡೋಸ್ ತಾನಾಗಿಯೇ ಡಿಸ್ಕ್ ತಪಾಸಣೆ ಆರಂಭಿಸಿ ಸಾಯುತ್ತಿರುವ ಡಿಸ್ಕಿನ ಮೇಲೆ ಬರೆಯತೊಡಗಬಹುದು. ಡಿಸ್ಕಿನಿಂದ ಟಕ್ ಟಕ್ ಎಂಬ ಸದ್ದು ಬರುತ್ತಿದ್ದರೆ ಅದಕ್ಕೆ ವಿದ್ಯುತ್ತನ್ನೇ ಕೊಡಬಾರದು. ಕೇಬಲ್ಲುಗಳನ್ನು ಕಳಚುವ ಮೊದಲು ಯಾವ ಡಿಸ್ಕ್ ಯಾವ ಕಿಂಡಿಯಲ್ಲಿತ್ತು ಎಂಬುದನ್ನು ಚೀಟಿ ಅಂಟಿಸಿ ಗುರುತಿಸಬೇಕು. ಮೊಬೈಲಿನಲ್ಲಿ ಒಂದು ಚಿತ್ರ ತೆಗೆದಿಟ್ಟರೂ ಆದೀತು. ಸಡಿಲವಾದ ಅಥವಾ ಹಳತಾದ ಕೇಬಲ್ಲೇ ಕಾರಣವಾಗಿರುವ ಪ್ರಸಂಗಗಳೂ ಇವೆ.

ಪರದೆಯ ಮೇಲೆ ಬರುವ ಪ್ರಶ್ನೆಗಳಿಗೆ ಓದದೆ ಸಮ್ಮತಿ ಕೊಡುವುದು ಅಪಾಯಕಾರಿ. 'ಡಿಗ್ರೇಡೆಡ್' ಎಂದಿದ್ದರೆ ಜೋಡಿಯಲ್ಲಿ ಒಂದು ಮಾತ್ರ ನಡೆಯುತ್ತಿದೆ ಎಂದರ್ಥ. ಅದು ಗಾಬರಿಪಡುವ ಮಾತಲ್ಲ. 'ಇನಿಷಿಯಲೈಜ್', 'ಫಾರ್ಮ್ಯಾಟ್', 'ಡಿಲೀಟ್ ವಾಲ್ಯೂಮ್' ಇವುಗಳಿಗೆ ಮಾತ್ರ ಯಾವ ಕಾರಣಕ್ಕೂ ಒಪ್ಪಿಗೆ ನೀಡಕೂಡದು. ವಿಂಡೋಸ್ ನಡೆಸುತ್ತಿದ್ದ ಮಿರರ್ ಡಿಸ್ಕನ್ನು ಬೇರೆ ಯಂತ್ರಕ್ಕೆ ಸೇರಿಸಿದಾಗ ಅದು 'ಫಾರಿನ್' ಎಂದು ಕಾಣಿಸಿಕೊಳ್ಳುವುದು ಸಹಜ. ಅದನ್ನು ಇಂಪೋರ್ಟ್ ಮಾಡಬಹುದು, ಆದರೆ ಪ್ರತಿಯೊಂದನ್ನು ತೆಗೆದಿಟ್ಟ ಮೇಲೆ.

ಯಾವುದು ಹೊಸದು, ಯಾವುದು ಹಳೆಯದು

ಇಡೀ ಕಾರ್ಯದಲ್ಲಿ ಅನುಭವಿ ತಂತ್ರಜ್ಞರೂ ಎಡವುವ ಸ್ಥಳ ಇದು. ಮಿರರ್‌ನ ಒಂದು ಡಿಸ್ಕ್ ಮೂರು ತಿಂಗಳ ಹಿಂದೆಯೇ ಜೋಡಿಯಿಂದ ಹೊರಬಿದ್ದಿರಬಹುದು. ಯಂತ್ರ ನಡೆಯುತ್ತಲೇ ಇದ್ದುದರಿಂದ ಯಾರೂ ಗಮನಿಸಿರುವುದಿಲ್ಲ. ಈಗ ಎರಡನೆಯದು ಕೈಕೊಟ್ಟಾಗ, ಹೊರಬಿದ್ದಿದ್ದ ಡಿಸ್ಕಿನಿಂದ ಯಂತ್ರ ಎದ್ದು ಮೂರು ತಿಂಗಳ ಹಿಂದಿನ ಲೆಕ್ಕವನ್ನು ತೋರಿಸುತ್ತದೆ. ಇದನ್ನೇ ಸರಿಯೆಂದು ತಿಳಿದು 'ರೀಬಿಲ್ಡ್' ಆರಂಭಿಸಿದರೆ ಹಳೆಯದು ಹೊಸದರ ಮೇಲೆ ಬರೆಯಲ್ಪಟ್ಟು, ಮೂರು ತಿಂಗಳ ವಹಿವಾಟು ಇನ್ನಿಲ್ಲವಾಗುತ್ತದೆ. ಖಾಲಿ ಡಿಸ್ಕನ್ನು ಮೂಲವೆಂದು ಆರಿಸಿದರಂತೂ ಉಳಿದಿದ್ದ ಒಂದೇ ಪ್ರತಿಯೂ ಖಾಲಿಯಾಗುತ್ತದೆ.

ಆದುದರಿಂದ ಡಿಸ್ಕುಗಳನ್ನು ಹೊರತೆಗೆದು, ಒಂದೊಂದಾಗಿ, ಯುಎಸ್‌ಬಿ ಜೋಡಕದ ಮೂಲಕ ಇನ್ನೊಂದು ಗಣಕಯಂತ್ರಕ್ಕೆ ಸೇರಿಸಬೇಕು. ಪೆನ್ ಡ್ರೈವ್‌ನಿಂದ ನಡೆಯುವ ಲಿನಕ್ಸ್‌ನಲ್ಲಿ ಓದಲು ಮಾತ್ರ ತೆರೆದರೆ ಡಿಸ್ಕಿನ ಮೇಲೆ ಏನೂ ಬರೆಯಲ್ಪಡುವುದಿಲ್ಲ. ಬಹುಪಾಲು ಮದರ್‌ಬೋರ್ಡ್ ಮಿರರ್‌ಗಳು ತಮ್ಮ ಗುರುತನ್ನು ಡಿಸ್ಕಿನ ಕೊನೆಯಲ್ಲಿ ಬರೆದುಕೊಳ್ಳುವುದರಿಂದ ಜೋಡಿಯ ಒಂದೇ ಡಿಸ್ಕನ್ನು ಸಾಮಾನ್ಯ ಡಿಸ್ಕಿನಂತೆ ಓದಲು ಬರುತ್ತದೆ. ಟ್ಯಾಲಿಯ ಅಥವಾ ಬಳಸುತ್ತಿರುವ ಇತರ ಲೆಕ್ಕ ತಂತ್ರಾಂಶದ ಡೇಟಾ ಫೋಲ್ಡರ್ ತೆರೆದು ಕಡತಗಳ ಕೊನೆಯ ದಿನಾಂಕವನ್ನು ನೋಡಬೇಕು. ನಿನ್ನೆಯ ದಿನಾಂಕವಿರುವುದೇ ಬೇಕಾದ ಡಿಸ್ಕ್.

ಆ ಫೋಲ್ಡರನ್ನು ಕೂಡಲೇ ಬೇರೆಡೆಗೆ ನಕಲು ಮಾಡಿ, ಅನಂತರ ಇಡೀ ಡಿಸ್ಕಿನ ಪ್ರತಿಯೊಂದನ್ನು ತೆಗೆಯಬೇಕು. ಅಲ್ಲಲ್ಲಿ ಓದಲಾಗದ ಭಾಗಗಳಿರುವ ಡಿಸ್ಕಿಗೆ ಜಿಎನ್‌ಯು ಡಿಡಿರೆಸ್ಕ್ಯೂ ಎಂಬ ಉಚಿತ ತಂತ್ರಾಂಶ ಸೂಕ್ತ. ಅದು ಸುಲಭವಾಗಿ ಬರುವ ಭಾಗವನ್ನೆಲ್ಲ ಮೊದಲು ಎತ್ತಿಕೊಂಡು ಕಷ್ಟದ ಭಾಗಕ್ಕೆ ಕೊನೆಯಲ್ಲಿ ಕೈಹಾಕುತ್ತದೆ. ಇಷ್ಟಾದ ಮೇಲೆ ಲೆಕ್ಕದ ತಂತ್ರಾಂಶವನ್ನು ಬೇರೊಂದು ಯಂತ್ರದಲ್ಲಿ ಹಾಕಿ ಅಂದಿನ ಬಿಲ್ಲುಗಳನ್ನು ಆರಂಭಿಸಬಹುದು. ಹಳೆಯ ಯಂತ್ರ ಏಳುವುದಕ್ಕಾಗಿ ವ್ಯಾಪಾರ ನಿಲ್ಲಬೇಕಾಗಿಲ್ಲ.

ಡಿಸ್ಕಿಗೆ ಬಿಟ್‌ಲಾಕರ್ ರಕ್ಷಣೆಯಿದ್ದರೆ 48 ಅಂಕಿಗಳ ಕೀಲಿ ಬೇಕಾಗುತ್ತದೆ. ಅದನ್ನು ಅದೇ ಗಣಕಯಂತ್ರದಲ್ಲಿ ಕಡತವಾಗಿ ಉಳಿಸಿಟ್ಟವರು ಕಡಿಮೆಯಿಲ್ಲ.

ಮರುಜೋಡಣೆ

ಬೂಟ್ ಭಾಗವನ್ನು ಉಳಿದ ಡಿಸ್ಕಿಗೆ ಬರೆಯುವುದು ದೊಡ್ಡ ಕೆಲಸವಲ್ಲ. ವಿಂಡೋಸ್‌ನಲ್ಲಿ ಇನ್‌ಸ್ಟಾಲೇಷನ್ ಪೆನ್ ಡ್ರೈವ್‌ನಿಂದ ಬಿಸಿಡಿಬೂಟ್, ಲಿನಕ್ಸ್‌ನಲ್ಲಿ ಗ್ರಬ್ ಎಂಬ ಸಾಧನಗಳಿಂದ ತಂತ್ರಜ್ಞರು ಅದನ್ನು ಬೇಗನೆ ಮುಗಿಸಬಲ್ಲರು. ಹೊಸ ಡಿಸ್ಕ್ ಹಳೆಯದರಷ್ಟೇ ಅಥವಾ ಅದಕ್ಕಿಂತ ದೊಡ್ಡದಿರಬೇಕು; ಕೆಲವೇ ಸೆಕ್ಟರ್ ಕಡಿಮೆಯಿದ್ದರೂ ಜೋಡಿ ಅದನ್ನು ಸ್ವೀಕರಿಸದು. ಸೆಕೆಂಡಿಗೆ 100 ಎಂ.ಬಿ. ವೇಗದಲ್ಲಿ 1 ಟಿ.ಬಿ. ತುಂಬಲು ಸುಮಾರು ಎರಡು ಮುಕ್ಕಾಲು ಗಂಟೆ ಬೇಕು. ನಡುವೆ ಕೆಲಸ ಮಾಡಿದರೆ ಇನ್ನೂ ತಡ. ಆ ಅವಧಿಯಲ್ಲಿ ಉಳಿದ ಡಿಸ್ಕಿನ ಮೇಲೆ ಅತಿ ಹೆಚ್ಚು ಹೊರೆ ಬೀಳುತ್ತದೆ. ಒಂದೇ ದಿನ, ಒಂದೇ ಪೆಟ್ಟಿಗೆಯಿಂದ ಕೊಂಡ ಎರಡು ಡಿಸ್ಕುಗಳು ವಯಸ್ಸಿನಲ್ಲಿಯೂ ಸರಿಸಮಾನವಾಗಿರುವುದರಿಂದ ಎರಡನೆಯದೂ ಆಗಲೇ ಕೆಡುವ ಸಂಭವ ಇಲ್ಲದಿಲ್ಲ. ಹೀಗಾಗಿ ಪ್ರತಿ ತೆಗೆಯುವ ಕೆಲಸ ಮುಗಿಯುವವರೆಗೆ ಮರುಜೋಡಣೆಗೆ ಕೈಹಾಕಬಾರದು. ಯುಪಿಎಸ್‌ನ ಬ್ಯಾಟರಿ ಸರಿಯಿದೆಯೇ ಎಂದು ಆ ಮೊದಲೇ ನೋಡಿಕೊಳ್ಳುವುದು ಒಳಿತು.

ಕಾನೂನಿನ ಮಾತು

ಕೇಂದ್ರ ಜಿಎಸ್‌ಟಿ ಕಾಯ್ದೆಯ 36ನೆಯ ಕಲಮಿನಂತೆ ಲೆಕ್ಕಪತ್ರಗಳನ್ನು ಆ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೆಯ ದಿನಾಂಕದಿಂದ 72 ತಿಂಗಳು ಕಾಯ್ದಿಡಬೇಕು. ಲೆಕ್ಕ ವಿದ್ಯುನ್ಮಾನ ರೂಪದಲ್ಲಿದ್ದರೆ, ಅಪಘಾತ ಅಥವಾ ನೈಸರ್ಗಿಕ ಕಾರಣದಿಂದ ನಾಶವಾದಾಗಲೂ ಸಮಂಜಸ ಅವಧಿಯಲ್ಲಿ ಮರಳಿ ಪಡೆಯುವಂತೆ ಬ್ಯಾಕಪ್ ಇಡಬೇಕೆಂದು ನಿಯಮ 57 ಹೇಳುತ್ತದೆ. ಕಂಪನಿಯಾಗಿ ನೋಂದಾಯಿತವಾದ ಘಟಕಗಳು 2022ರ ಆಗಸ್ಟ್ ತಿದ್ದುಪಡಿಯ ಪ್ರಕಾರ ಪ್ರತಿದಿನದ ಬ್ಯಾಕಪ್ಪನ್ನು ಭಾರತದೊಳಗಿನ ಸರ್ವರ್‌ನಲ್ಲಿ ಇಡತಕ್ಕದ್ದು. ಒಂದೇ ಪೆಟ್ಟಿಗೆಯೊಳಗಿನ ಎರಡು ಡಿಸ್ಕುಗಳನ್ನು ತೋರಿಸಿ ಇದೇ ಬ್ಯಾಕಪ್ ಎಂದರೆ ಅದು ವಾದಕ್ಕೂ ನಿಲ್ಲದು. ಸಿಡಿಲು ಬಡಿದರೆ ಎರಡಕ್ಕೂ ಬಡಿಯುತ್ತದೆ, ಕಳ್ಳರು ಹೊತ್ತರೆ ಎರಡನ್ನೂ ಹೊರುತ್ತಾರೆ.

ಸಂಜೆ ಅಂಗಡಿ ಮುಚ್ಚುವಾಗ ಲೆಕ್ಕದ ಫೋಲ್ಡರನ್ನು ಹೊರಗಿನ ಡಿಸ್ಕಿಗೆ ನಕಲು ಮಾಡಲು ಸಾಮಾನ್ಯವಾಗಿ ಕೆಲವೇ ನಿಮಿಷ ಸಾಕು. ಅಂತಹ ಎರಡು ಡಿಸ್ಕುಗಳಿದ್ದು, ದಿನ ಬಿಟ್ಟು ದಿನ ಒಂದೊಂದನ್ನು ಮನೆಗೆ ಒಯ್ಯುವ ಪದ್ಧತಿಯಿದ್ದರೆ ಅತಿ ಕೆಟ್ಟ ಸಂದರ್ಭದಲ್ಲಿಯೂ ಕಳೆಯುವುದು ಒಂದೆರಡು ದಿನದ ಲೆಕ್ಕವಷ್ಟೆ. ಅದನ್ನು ಬಿಲ್ ಪುಸ್ತಕ ನೋಡಿ ಮತ್ತೆ ಬರೆಯಬಹುದು. ಮಿರರ್ ಇಟ್ಟುಕೊಂಡವರು ತಿಂಗಳಿಗೊಮ್ಮೆ ಅದರ ಸ್ಥಿತಿ 'ನಾರ್ಮಲ್' ಅಥವಾ 'ಹೆಲ್ತಿ' ಎಂದಿದೆಯೇ ಎಂದು ತೆರೆದು ನೋಡಬೇಕು. ಹೊಸದಾಗಿ ಅಳವಡಿಸಿಕೊಳ್ಳುವವರು ತಂತ್ರಜ್ಞರು ಹೊರಡುವ ಮೊದಲೇ, ಲೆಕ್ಕದ ಕಡತಗಳನ್ನು ಅದಕ್ಕೆ ಏರಿಸುವ ಮುನ್ನ, ಯಂತ್ರವನ್ನು ಆರಿಸಿ ಮೊದಲ ಡಿಸ್ಕಿನ ಕೇಬಲ್ ಕಳಚಿ ಮತ್ತೆ ಚಾಲೂ ಮಾಡಿಸಿ ನೋಡಬೇಕು. ಆಗ ಏಳದ ಯಂತ್ರಕ್ಕೆ ಹಣ ಪಾವತಿಯನ್ನು ತಡೆಹಿಡಿಯಬಹುದು.